ಕರೆದರೆ ಬರುವ ನಾಯಿ

ಹುಬ್ಬಳ್ಳಿಯಿಂದ ಸೊಲ್ಲಾಪುರದತ್ತ ಸಾಗುವ ಹೆದ್ದಾರಿ ನವಲಗುಂದ, ನರಗುಂದಗಳನ್ನು ಹಿಂದಿಕ್ಕಿ, ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿ ಬಾದಾಮಿ ತಾಲೂಕನ್ನು ಹೊಕ್ಕ ತರುವಾಯ ಕುಳಗೇರಿ ಕ್ರಾಸ್ ಎಂಬ ಕೂಡುದಾರಿ ಸಿಗುತ್ತದೆ. ಚಾಲುಕ್ಯರ ಗುಹಾಲಯಗಳನ್ನು ಕಾಣಹೊರಟವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಬಾದಾಮಿಯ ಕಡೆಗೆ ಹೊರಳುತ್ತಾರೆ. ಉಳಿದವರು ಚಹಾ ಕುಡಿದು ಕೆರೂರಿನತ್ತ ಮುಂದುವರಿಯುತ್ತಾರೆ. ಹಗಲಿರುಳೆನ್ನದೆ ಲಾರಿಗಳು ಓಡುವ ಈ ದಾರಿಯ ಬದಿಯಲ್ಲಿ ನಾನು ಬಾಲ್ಯವನ್ನು ಕಳೆದೆ. ಇಲ್ಲಿಯೇ ನನ್ನ ನಾಯಿಯೊಂದು ಸತ್ತಿತು. ಅದು ನನ್ನ ತಪ್ಪಿನಿಂದ ಸತ್ತಿತೆಂಬುದನ್ನು ಒಪ್ಪಿಕೊಳ್ಳಲು ನನಗೆ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು.

ಆಗ ನನಗೆ ಹನ್ನೆರಡು ವರ್ಷ. ನಮ್ಮ ಕಾಕಾ ಮುಧೋಳದ ಕಡೆಯ ಬೀಗರಿಂದ ಒಂದು ಬೇಟೆನಾಯಿಯ ಮರಿಯನ್ನು ತಂದು ನನ್ನ ಮಡಿಲಿಗೆ ಹಾಕಿದ್ದರು. ಬಡಕಲು ಮೈ, ಉದ್ದನೆಯ ಮೋರೆ, ಬೆತ್ತದಂತಹ ಕಾಲುಗಳು. ಬೆಳೆದಂತೆಲ್ಲ ಅದರ ಓಟದ ಸೊಗಸನ್ನು ಕಂಡು ಅವ್ವ ಅದಕ್ಕೆ ‘ಚಿಗರಿ’ ಎಂದು ಹೆಸರಿಟ್ಟಳು. ಒಂದು ದಿನ ಜೋಳ ಕೊಯ್ದ ಹೊಲದಲ್ಲಿ ಚಿಗರಿ ಒಂದು ಮೊಲದ ಬೆನ್ನು ಹತ್ತಿತು. ನಾನು ಕೂಗಿದೆ, ಅದು ಕೇಳಲಿಲ್ಲ. ಅರ್ಧ ತಾಸಿನ ಮೇಲೆ ನಾಲಗೆ ಚಾಚಿ ತೇಕುತ್ತ, ಬಾಲವಾಡಿಸುತ್ತ ತಾನಾಗಿ ನನ್ನ ಬಳಿಗೆ ಬಂದಿತು. ಗೆಳೆಯರೆದುರು ಮಾನ ಹೋಯಿತೆಂಬ ಸಿಟ್ಟಿನಲ್ಲಿ ನಾನು ಬಾರಕೋಲಿನಿಂದ ಅದಕ್ಕೆ ಬಡಿದೆ. ಮುಂದೆಯೂ ಎರಡು ಮೂರು ಸಲ ಹೀಗೆಯೇ ಆಯಿತು. ಓಡಿಹೋದುದಕ್ಕೆ ಶಿಕ್ಷೆ ಕೊಡುತ್ತಿದ್ದೇನೆಂದು ನಾನು ತಿಳಿದಿದ್ದೆ.

ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಚಿಗರಿ ಕ್ರಾಸಿನ ಆಚೆಯ ಬದಿಯಲ್ಲಿ ನಿಂತಿತ್ತು. ನನ್ನನ್ನು ಕಂಡು ರಸ್ತೆಗಿಳಿಯಿತು. ಕೆರೂರಿನ ಕಡೆಯಿಂದ ಲಾರಿಯೊಂದು ಬರುತ್ತಿತ್ತು. ನಾನು ಗಾಬರಿಯಿಂದ, ಇದ್ದಷ್ಟು ದನಿಯಲ್ಲಿ ‘ಚಿಗರೀ, ಬಾ!’ ಎಂದು ಕೂಗಿದೆ. ಅದು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ನನ್ನ ಮೋರೆಯನ್ನು ನೋಡಿತು, ಕೈಯನ್ನು ನೋಡಿತು, ಕಿವಿಗಳನ್ನು ಹಿಂದಕ್ಕೆ ಒತ್ತಿ ಒಂದು ಹೆಜ್ಜೆ ಹಿಂದೆ ಸರಿಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಹೊಲದ ಬದುವಿನಲ್ಲಿ ಅದನ್ನು ಮಣ್ಣು ಮಾಡುವಾಗ ನಾನು ಅಳುತ್ತ, ‘ಕರದರೂ ಬರಲಿಲ್ಲ ಕಾಕಾ’ ಎಂದೆ. ಕಾಕಾ ಗುದ್ದಲಿಯನ್ನು ಕೆಳಗಿಟ್ಟು, ‘ಅದು ನಿನ್ನ ಮಾತು ಕೇಳಲಿಲ್ಲಂತ ತಿಳಕೋಬ್ಯಾಡಪಾ. ನೀ ಕಲಿಸಿದ್ದನ್ನ ಅದು ಛಲೋ ಕಲತಿತ್ತು’ ಎಂದರು.

ಆ ಮಾತಿನ ಪೂರ್ಣಾರ್ಥ ನನಗಾದದ್ದು ಹೋದ ವರ್ಷ, ಬೆಂಗಳೂರಿನಲ್ಲಿ.

ಮನುಷ್ಯರಿಗೆ ಮೊದಲ ಪಾಠ

ಬೇಸಗೆಯ ರಜೆಗೆ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಸಾಕಿದ ಮರಿಯನ್ನು ವಾರಕ್ಕೊಮ್ಮೆ ಒಂದು ‘ತರಗತಿ’ಗೆ ಕರೆದೊಯ್ಯುತ್ತಿದ್ದಳು. ನಾಯಿಗೂ ಶಾಲೆಯೇ ಎಂದು ನಗುತ್ತ ನಾನೂ ಜೊತೆಗೆ ಹೋದೆ. ಒಂದು ಮೈದಾನದಲ್ಲಿ ಆರು ನಾಯಿಗಳು, ಆರು ಮನೆಯವರು. ನಾಯಿಗಳ ನಡುವೆ ಹತ್ತು ಹನ್ನೆರಡು ಹೆಜ್ಜೆಗಳ ಅಂತರ. ಬೆತ್ತವಿಲ್ಲ, ಮುಳ್ಳಿನ ಕೊರಳಪಟ್ಟಿಯಿಲ್ಲ. ಪ್ರತಿಯೊಬ್ಬರ ಸೊಂಟದಲ್ಲಿ ಒಂದು ಚೀಲ, ಚೀಲದ ತುಂಬ ಬೇಯಿಸಿದ ಕೋಳಿಮಾಂಸದ ಚಿಕ್ಕ ಚಿಕ್ಕ ತುಣುಕುಗಳು. ಸೇರುವ ಮುನ್ನ ಪ್ರತಿ ನಾಯಿಯ ಲಸಿಕೆಯ ಚೀಟಿಯನ್ನು ತೋರಿಸಬೇಕಾಗಿತ್ತು.

ಕಲಿಸುವಾಕೆ ಮೊದಲು ನಾಯಿಗಳನ್ನು ಮುಟ್ಟಲೇ ಇಲ್ಲ. ‘ಇಂದಿನ ಪಾಠ ಮನುಷ್ಯರಿಗೆ’ ಎಂದರು. ಒಬ್ಬರು ನಾಯಿಯ ಪಾತ್ರ ವಹಿಸಬೇಕೆಂದಾಗ ಹೊಸಬನಾದ ನನ್ನನ್ನೇ ಎಲ್ಲರೂ ಮುಂದೆ ತಳ್ಳಿದರು. ನನ್ನನ್ನು ದೂರ ನಿಲ್ಲಿಸಿ, ನಾನು ಏನು ಮಾಡಬೇಕೆಂಬುದನ್ನು ಅವರವರೇ ಗುಟ್ಟಾಗಿ ಗೊತ್ತುಮಾಡಿಕೊಂಡರು. ಮೊದಲ ಸುತ್ತಿನಲ್ಲಿ ನಾನು ತಪ್ಪು ಮಾಡಿದಾಗಲೆಲ್ಲ ‘ಊಹೂಂ’ ಎಂದು ಕೂಗುವುದಷ್ಟೇ ಅವರ ಕೆಲಸ. ಎಡಕ್ಕೆ ನಡೆದೆ, ಊಹೂಂ. ಬಲಕ್ಕೆ ನಡೆದೆ, ಊಹೂಂ. ಬಗ್ಗಿದೆ, ಊಹೂಂ. ಎರಡು ನಿಮಿಷಗಳಲ್ಲಿ ನಾನು ಕಂಬದಂತೆ ನಿಂತುಬಿಟ್ಟೆ. ಕಾಲೇಜಿನಲ್ಲಿ ನೂರು ಹುಡುಗರೆದುರು ನಿಂತು ಪಾಠ ಹೇಳುವ ನನಗೆ ಅಲ್ಲಿ ಒಂದು ಹೆಜ್ಜೆ ಎತ್ತಿಡಲು ಅಂಜಿಕೆಯಾಯಿತು. ಎರಡನೆಯ ಸುತ್ತಿನಲ್ಲಿ ಕೂಗು ನಿಂತಿತು. ನಾನು ಸರಿದಾರಿಗೆ ಹೊರಳಿದ ಕ್ಷಣದಲ್ಲಿ ಮಾತ್ರ ಒಂದು ಚಪ್ಪಾಳೆ. ಅರೆನಿಮಿಷದೊಳಗೆ ನಾನು ಮೂಲೆಯಲ್ಲಿದ್ದ ಕುರ್ಚಿಯ ಮೇಲೆ ಹೋಗಿ ಕುಳಿತಿದ್ದೆ. ಅವರು ಬಯಸಿದ್ದೂ ಅದನ್ನೇ.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಡುರಸ್ತೆಯಲ್ಲಿ ನಿಂತುಬಿಟ್ಟ ಚಿಗರಿಯ ಸ್ಥಿತಿ ನನಗಾಗ ಮೈಯಿಂದಲೇ ತಿಳಿಯಿತು.

ಚಪ್ಪಾಳೆಯ ಹಿಂದಿನ ಶಾಸ್ತ್ರ

ಈ ಚಪ್ಪಾಳೆಯ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಶಾಸ್ತ್ರವಿದೆ. ರಷ್ಯದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ಸಂಶೋಧನೆಗಾಗಿ ೧೯೦೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನು. ಊಟ ಬರುವ ಮುನ್ನ ಕೇಳುವ ಸಪ್ಪಳಕ್ಕೂ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದೆಂಬುದನ್ನು ಅವನು ತೋರಿಸಿಕೊಟ್ಟನು. ಅಮೇರಿಕದ ಥಾರ್ನ್‌ಡೈಕ್ ಬೆಕ್ಕುಗಳನ್ನು ಪಂಜರದಲ್ಲಿಟ್ಟು ಪರೀಕ್ಷಿಸಿ, ಯಾವ ಕೆಲಸದ ಬೆನ್ನಿಗೆ ಸುಖ ದೊರೆಯುವುದೋ ಆ ಕೆಲಸವನ್ನು ಪ್ರಾಣಿ ಮರಳಿ ಮಾಡುವುದೆಂಬ ನಿಯಮವನ್ನು ಕಂಡುಕೊಂಡನು. ಬಿ. ಎಫ್. ಸ್ಕಿನ್ನರ್ ೧೯೫೧ರಲ್ಲಿ ಬರೆದ ಲೇಖನವೊಂದರಲ್ಲಿ, ಮಕ್ಕಳ ‘ಟಿಕ್ ಟಿಕ್’ ಆಟಿಕೆಯೊಂದನ್ನು ಹಿಡಿದು ಯಾರಾದರೂ ಮನೆಯಲ್ಲೇ ನಾಯಿಗೆ ಕಲಿಸಬಹುದೆಂದು ವಿವರಿಸಿದನು. ೧೯೮೦ರ ದಶಕದಲ್ಲಿ ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು ಕ್ಯಾಲಿಫೋರ್ನಿಯಾದಲ್ಲಿ ಎಳೆಯ ಮರಿಗಳನ್ನೂ ಅವುಗಳ ಒಡೆಯರನ್ನೂ ಒಂದೆಡೆ ಕೂಡಿಸಿ, ಹಗ್ಗ ಬಿಚ್ಚಿ ಕಲಿಸುವ ತರಗತಿಗಳನ್ನು ನಡೆಸಿದರು. ಆ ಪದ್ಧತಿಯೇ ಲೋಕದ ಹಲವೆಡೆ ಹಬ್ಬಿತು.

ಅದಕ್ಕೂ ಮೊದಲು ಹೆಚ್ಚಾಗಿ ನಡೆಯುತ್ತಿದ್ದುದು ಒತ್ತಾಯದ ವಿದ್ಯೆ. ೧೯೧೦ರಲ್ಲಿ ಜರ್ಮನಿಯ ಕೊನ್ರಾಡ್ ಮೋಸ್ಟ್ ಪೊಲೀಸ್ ನಾಯಿಗಳ ತರಬೇತಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಎಳೆತಕ್ಕೂ ದಂಡನೆಗೂ ದೊಡ್ಡ ಸ್ಥಾನವಿತ್ತು. ದಂಡನೆಯಿಂದ ನಾಯಿ ಕಲಿಯುವುದಿಲ್ಲವೆಂದು ಯಾರೂ ಹೇಳುವುದಿಲ್ಲ. ಕಲಿಯುತ್ತದೆ, ಆದರೆ ಏನನ್ನು ಕಲಿಯುತ್ತದೆಂಬುದು ಪ್ರಶ್ನೆ. ನಾಯಿಯ ಮನಸ್ಸು ಏಟನ್ನು ಅರ್ಧ ತಾಸಿನ ಹಿಂದಿನ ಓಟಕ್ಕೆ ಜೋಡಿಸುವುದಿಲ್ಲ. ಏಟು ಬೀಳುವ ಮುಂಚಿನ ಕ್ಷಣಕ್ಕೆ ಜೋಡಿಸುತ್ತದೆ. ಚಿಗರಿಗೆ ಆ ಕ್ಷಣವೆಂದರೆ ‘ಒಡೆಯನ ಹತ್ತಿರ ಬಂದದ್ದು’. ಓಡಬೇಡವೆಂದು ನಾನು ಹೇಳಿದೆನೆಂದುಕೊಂಡೆ. ಹತ್ತಿರ ಬರಬೇಡವೆಂದು ಅದು ಕೇಳಿಸಿಕೊಂಡಿತು.

೨೦೨೦ರಲ್ಲಿ ಪೋರ್ತುಗಲ್ಲಿನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ ೯೨ ನಾಯಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ಬೆದರಿಕೆ ಮತ್ತು ನೋವನ್ನು ಹೆಚ್ಚಾಗಿ ಬಳಸುವ ಶಾಲೆಗಳ ನಾಯಿಗಳಲ್ಲಿ ಉದ್ವೇಗದ ಲಕ್ಷಣಗಳು ಹೆಚ್ಚಿದ್ದುದು ಕಂಡುಬಂದಿತು. ಪಾಠದ ಬಳಿಕ ಅವುಗಳ ಜೊಲ್ಲಿನಲ್ಲಿ ಉದ್ವೇಗದ ಸ್ರಾವವಾದ ಕಾರ್ಟಿಸಾಲ್ ಕೂಡ ಏರಿತ್ತು. ಪ್ರಾಣಿಗಳ ನಡತೆಯನ್ನು ಅಭ್ಯಸಿಸುವ ಅಮೇರಿಕದ ಪಶುವೈದ್ಯರ ಸಂಘವು ೨೦೨೧ರಲ್ಲಿ, ಎಲ್ಲ ನಾಯಿಗಳಿಗೂ ಬಹುಮಾನದ ಪದ್ಧತಿಯನ್ನೇ ಅನುಸರಿಸಬೇಕೆಂದು ಸ್ಪಷ್ಟವಾಗಿ ಸಾರಿತು.

ಕ್ರಾಸಿನಲ್ಲಿ ಭಾನುವಾರ

ಊರಿಗೆ ಮರಳಿದ ಮೇಲೆ ಸುಮ್ಮನಿರಲಾಗಲಿಲ್ಲ. ನೆರೆಹೊರೆಯ ನಾಲ್ಕು ಮನೆಯವರನ್ನು ಒಪ್ಪಿಸಿ, ಭಾನುವಾರ ಮುಂಜಾನೆ ರಸ್ತೆಯಿಂದ ದೂರವಿರುವ ಬೀಳು ಹೊಲದಲ್ಲಿ ಕೂಡತೊಡಗಿದೆವು. ಚಹಾದಂಗಡಿಯವರು ಒಬ್ಬರು, ನಿವೃತ್ತ ನೌಕರರು ಒಬ್ಬರು, ಕುರಿ ಕಾಯುವ ಅಜ್ಜ ಒಬ್ಬರು, ಮತ್ತು ನಾನು. ನಾಯಿಗಳಲ್ಲಿ ಎರಡು ಮುಧೋಳದವು, ಎರಡು ಬೀದಿಯಲ್ಲಿ ಹುಟ್ಟಿ ಮನೆ ಸೇರಿದವು.

ಮೊದಲ ವಾರ ಹೆಸರಿನ ಪಾಠ. ಹೆಸರು ಹಿಡಿದು ಒಮ್ಮೆ ಕರೆಯಬೇಕು. ನಾಯಿ ನಮ್ಮತ್ತ ನೋಡಿದ ತಕ್ಷಣ ‘ಹಾಂ!’ ಎನ್ನಬೇಕು, ಬೆನ್ನಿಗೇ ಒಂದು ತುಣುಕು ಕೊಡಬೇಕು. ಈ ‘ಹಾಂ’ ಎಂಬುದೇ ಬೆಂಗಳೂರಿನ ಚಪ್ಪಾಳೆ. ಅದು ಸರಿಯಾದ ಕ್ಷಣವನ್ನು ಗುರುತಿಸುತ್ತದೆ, ತುಣುಕು ಅದಕ್ಕೆ ಬೆಲೆ ತರುತ್ತದೆ. ಎರಡು ಸೆಕೆಂಡು ತಡವಾದರೂ ನಾಯಿ ಆ ಹೊತ್ತಿಗೆ ಬೇರೇನನ್ನೋ ಮಾಡುತ್ತಿರುತ್ತದೆ, ಬಹುಮಾನ ಅದಕ್ಕೆ ಸಲ್ಲುತ್ತದೆ.

ಎರಡನೆಯ ವಾರ ಕೂಡ್ರುವುದು. ತುಣುಕನ್ನು ಮೂಗಿನ ಮುಂದೆ ಹಿಡಿದು ಮೆಲ್ಲನೆ ತಲೆಯ ಮೇಲಕ್ಕೆ ಒಯ್ದರೆ ನಾಯಿಯ ಮೋರೆ ಮೇಲೇಳುತ್ತದೆ, ಹಿಂಭಾಗ ತಾನಾಗಿ ನೆಲಕ್ಕೆ ತಾಗುತ್ತದೆ. ಬೆನ್ನನ್ನು ಒತ್ತಿ ಕೂಡ್ರಿಸುವ ಅಗತ್ಯವೇ ಇಲ್ಲ. ನಾಲ್ಕಾರು ಸಲದ ಮೇಲೆ ಬರಿಗೈಯ ಸನ್ನೆ ಸಾಕು. ಅದಾದ ಮೇಲೆ ‘ಕೂಡು’ ಎಂಬ ಮಾತು. ಮಾತನ್ನು ಮೊದಲು ಹೇಳಿ ಕೆಲಸವನ್ನು ಆಮೇಲೆ ಕಲಿಸುವುದು ನಮ್ಮ ರೂಢಿ. ನಾಯಿಗೆ ಮೊದಲು ಕೆಲಸ, ಆಮೇಲೆ ಅದರ ಹೆಸರು.

ಮೂರನೆಯ ವಾರದಿಂದ ‘ಬಾ’. ಮೊದಲು ಎರಡು ಹೆಜ್ಜೆಯಿಂದ, ಆಮೇಲೆ ಐದು, ಹತ್ತು, ಇಪ್ಪತ್ತು. ಉದ್ದನೆಯ ಹಗ್ಗ ಕಟ್ಟಿದ್ದರೂ ಅದನ್ನು ಎಳೆಯಬಾರದು. ಬಂದ ನಾಯಿಗೆ ಎಲ್ಲಕ್ಕಿಂತ ರುಚಿಯಾದ ತುಣುಕು ದೊರೆಯಬೇಕು, ತಕ್ಷಣ ಮತ್ತೆ ಆಡಲು ಬಿಡಬೇಕು. ಬಾ ಎಂದು ಕರೆದು ಬೈಯುವುದು, ಕಟ್ಟಿಹಾಕುವುದು, ಔಷಧ ಕುಡಿಸುವುದು ಎಲ್ಲವೂ ವರ್ಜ್ಯ. ಅಂತಹ ಕೆಲಸಗಳಿದ್ದರೆ ನಾವೇ ಅದರ ಬಳಿಗೆ ನಡೆದುಹೋಗಬೇಕು.

ತುಣುಕೆಂದರೆ ದೊಡ್ಡ ಖರ್ಚೆಂದು ವಾಚಕರು ಭಾವಿಸಬೇಕಾಗಿಲ್ಲ. ಬೇಯಿಸಿದ ತತ್ತಿ, ಒಣಗಿದ ಜೋಳದ ರೊಟ್ಟಿಯ ಚೂರು ಸಾಕು, ಗಾತ್ರ ಕಡಲೆಕಾಳಿನಷ್ಟು. ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿದರಾಯಿತು. ನಮ್ಮ ಸೀಮೆಯವರು ಒಂದನ್ನು ಮಾತ್ರ ನೆನಪಿಡಬೇಕು: ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಉಳ್ಳಾಗಡ್ಡಿಯೂ ಚಾಕಲೇಟೂ ಅದಕ್ಕೆ ವಿಷವೇ.

ನಿವೃತ್ತ ನೌಕರರಿಗೆ ಆರಂಭದಲ್ಲಿ ಇದೆಲ್ಲ ಹಿಡಿಸಲಿಲ್ಲ. ‘ಇದು ಲಂಚ ಆತಲ್ರೀ ಸರ್ರ! ನಾಳೆ ರೊಟ್ಟಿ ಇಲ್ಲಂದ್ರ ಮಾತು ಕೇಳತೈತೇನು?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದು. ಲಂಚವೆಂಬುದು ಕೆಲಸಕ್ಕೆ ಮುಂಚೆ ತೋರಿಸುವಂಥದು. ಬಹುಮಾನ ಕೆಲಸವಾದ ಮೇಲೆ ಬರುವಂಥದು. ಕಲಿಕೆ ಗಟ್ಟಿಯಾದ ಮೇಲೆ ಪ್ರತಿ ಸಲವೂ ಕೊಡಬೇಕಾಗಿಲ್ಲ. ಒಮ್ಮೆ ಕೊಟ್ಟು, ಎರಡು ಸಲ ಬಿಟ್ಟು, ಮತ್ತೆ ಕೊಟ್ಟರೆ ನಾಯಿ ಇನ್ನೂ ಹುರುಪಿನಿಂದ ದುಡಿಯುತ್ತದೆ. ‘ನಿಮಗೂ ತಿಂಗಳಾ ಪಗಾರ ಬರತಿತ್ತಲ್ರೀ, ಅದನ್ನ ಲಂಚ ಅಂತಿದ್ರೇನು?’ ಎಂದು ಚಹಾದಂಗಡಿಯವರು ಕೇಳಿದಾಗ ಅವರೂ ನಕ್ಕು ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡರು.

ಕುರಿ ಕಾಯುವ ಅಜ್ಜನಿಗೆ ಮಾತ್ರ ಇದರಲ್ಲಿ ಹೊಸತೇನೂ ಕಾಣಲಿಲ್ಲ. ‘ನಾಯಿಗೆ ಬಡದ್ರ ಅದು ಕುರಿ ಕಾಯೋದು ಬಿಟ್ಟು ನಮ್ಮ ಕೋಲು ಕಾಯತೈತಿ, ಸರ್ರ’ ಎಂದರು. ನಾನು ಇಷ್ಟು ಪುಟಗಳಲ್ಲಿ ಹೇಳುತ್ತಿರುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಒಬ್ಬೊಬ್ಬರೇ ಮನೆಯಲ್ಲಿ ಕಲಿಸಬಾರದೇಕೆ, ಗುಂಪೇಕೆ ಬೇಕು? ಅಂಗಳದಲ್ಲಿ ಕೂಡುವ ನಾಯಿ, ಎದುರಿಗೆ ಇನ್ನೊಂದು ನಾಯಿ ಇದ್ದಾಗಲೂ ಕೂತರೆ ಮಾತ್ರ ಕಲಿತಂತೆ. ಗುಂಪಿನಲ್ಲಿ ಆ ಅಡ್ಡಿಯನ್ನು ಅಳತೆಯಿಂದ ಒಡ್ಡಬಹುದು. ಇದಲ್ಲದೆ ಮರಿ ಮೂರರಿಂದ ಹನ್ನೆರಡು ವಾರಗಳ ಎಳೆತನದಲ್ಲಿ ಕಂಡುಂಡ ಮನುಷ್ಯರಿಗೂ ಸಪ್ಪಳಗಳಿಗೂ ಮುಂದೆ ಅಂಜುವುದು ಕಡಿಮೆಯೆಂಬುದನ್ನು ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ೧೯೬೫ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಅಂಜಿದ ನಾಯಿಯೇ ಬಹುಮಟ್ಟಿಗೆ ಕಚ್ಚುವ ನಾಯಿ. ಮಿಗಿಲಾಗಿ, ಒಬ್ಬರ ತಪ್ಪನ್ನು ಇನ್ನೊಬ್ಬರು ಕಂಡು ತಿದ್ದಿಕೊಳ್ಳುತ್ತಾರೆ. ನಾಯಿಯ ತಪ್ಪಲ್ಲ, ಒಡೆಯನ ತಪ್ಪು.

ಇದು ಮಾಯಾದಂಡವೆಂದು ನಾನು ಹೇಳಲಾರೆ. ಇದ್ದಕ್ಕಿದ್ದಂತೆ ಕಚ್ಚತೊಡಗಿದ ನಾಯಿಗೆ ಎಲ್ಲಿಯೋ ನೋವಿರಬಹುದು. ಅದನ್ನು ಮೊದಲು ಪಶುವೈದ್ಯರಿಗೆ ತೋರಿಸಬೇಕು. ವರ್ಷ ವರ್ಷ ರೇಬೀಸ್ ಲಸಿಕೆ ತಪ್ಪಬಾರದು. ಲಕ್ಷಣಗಳು ತೋರಿದ ಮೇಲೆ ಆ ರೋಗಕ್ಕೆ ಮದ್ದಿಲ್ಲವೆಂದೇ ಹೇಳಬೇಕು. ಹೆದ್ದಾರಿಯ ಬಳಿಯಲ್ಲಂತೂ ಎಷ್ಟೇ ಕಲಿತ ನಾಯಿಗೂ ಹಗ್ಗವಿರಲೇಬೇಕು.

ಕೆಲಸ ಕಳೆದುಕೊಂಡ ಬೇಟೆಗಾರ

ಈ ವಿದ್ಯೆ ನಮ್ಮ ಜಿಲ್ಲೆಗೆ ಬೇಕೆನ್ನಲು ಇನ್ನೊಂದು ಕಾರಣವುಂಟು. ಮುಧೋಳದ ನಾಯಿ ಮೂಗಿಗಿಂತ ಕಣ್ಣನ್ನು ನಂಬುವ ಬೇಟೆಗಾರ. ಸುಮಾರು ೭೦ ಸೆಂಟಿಮೀಟರ್ ಎತ್ತರ, ಆಳವಾದ ಎದೆ, ಬಯಲಿನಲ್ಲಿ ಬಾಣದ ವೇಗ. ಮುಧೋಳ ಸಂಸ್ಥಾನದ ಘೋರ್ಪಡೆ ದೊರೆ ಮಾಲೋಜಿರಾಯರು ಈ ತಳಿಯನ್ನು ಪೋಷಿಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧವಾದ ಸಂಗತಿ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆ ಹೊರತಂದ ನಾಯಿತಳಿಗಳ ಚೀಟಿಗಳಲ್ಲಿ ಮುಧೋಳದ್ದೂ ಒಂದು. ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ನಡೆಸುತ್ತಿದೆ. ೨೦೧೬ರಲ್ಲಿ ಅಲ್ಲಿಂದ ಮರಿಗಳು ಮೀರತ್ತಿನ ಸೇನಾ ಶ್ವಾನಕೇಂದ್ರಕ್ಕೆ ಹೋದವು. ೨೦೨೦ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಈ ತಳಿಯ ಹೆಸರನ್ನೆತ್ತಿದರು.

ಹೆಸರಾದಂತೆ ಮರಿಗಳು ದೂರದ ಪಟ್ಟಣಗಳಿಗೂ ಹೋಗತೊಡಗಿದವು. ವನ್ಯಜೀವಿ ಸಂರಕ್ಷಣೆಯ ಕಾಯ್ದೆಯ ದೆಸೆಯಿಂದ ಇಂದು ಮೊಲದ ಬೇಟೆ ಅಪರಾಧ, ಅದು ಯೋಗ್ಯವೇ. ಆದರೆ ಓಡಲೆಂದೇ ಹುಟ್ಟಿದ ಪ್ರಾಣಿಗೆ ಬೇಟೆಯೂ ಇಲ್ಲ, ಬಯಲೂ ಇಲ್ಲ, ಬೇರೊಂದು ಕೆಲಸವನ್ನು ಕಲಿಸುವವರೂ ಇಲ್ಲ. ಮಾತು ಕೇಳದೆಂಬ ಅಪವಾದ ಹೊತ್ತು ಅದು ಗೂಟಕ್ಕೆ ಕಟ್ಟಿಸಿಕೊಳ್ಳುತ್ತದೆ. ತಳಿಯನ್ನು ಉಳಿಸುವುದೆಂದರೆ ಮರಿ ಹಾಕಿಸಿ ಮಾರುವುದಷ್ಟೇ ಅಲ್ಲ. ಕೊಳ್ಳುವವನಿಗೆ ಎಂಟು ಭಾನುವಾರಗಳ ಪಾಠವನ್ನೂ ಜೊತೆಗೆ ಕೊಡುವುದು.

ಮೆಚ್ಚುಗೆಯ ಹಳೆಯ ಕಥೆ

ಕನ್ನಡದ ಮೇಷ್ಟರಿಗೆ ಶಾಸನವನ್ನೆತ್ತದೆ ಮಾತು ಮುಗಿಯದೆಂದು ವಾಚಕರು ನಕ್ಕರೆ ನಗಲಿ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ್ದು. ೯೪೯ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದನು. ಅಲ್ಲಿ ಪರಾಕ್ರಮ ತೋರಿದ ಮಣಲೇರನನ್ನು ಗಂಗ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದನು. ಆ ವೀರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ; ಬೂತುಗನ ಕಾಳಿ ಎಂಬ ನಾಯಿಯನ್ನು. ಮುಂದೆ ಬೆಳತೂರಿನ ಗುಡ್ಡದಲ್ಲಿ ಕಾಳಿಯು ಒಂದು ಹೆಬ್ಬಂದಿಯೊಡನೆ ಹೋರಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಪೂಜಾರಿಗೆ ಪಾಪವೆಂದು ವಿಧಿಸಿದರು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಮೆಚ್ಚುಗೆಯ ಕೊಡುಗೆಯಾಗಿ ನಾಯಿಯನ್ನು ಪಡೆದ ನಾಡು ನಮ್ಮದು. ನಾಯಿಗೆ ಮೆಚ್ಚುಗೆ ಸಲ್ಲಿಸುವುದು ನಮಗೆ ಪರಕೀಯವಾಗಬೇಕಿಲ್ಲ.

ಮಹಾಭಾರತದ ಕಡೆಯಲ್ಲಿ ಧರ್ಮರಾಯನ ಬೆನ್ನು ಹತ್ತಿ ಬಂದ ನಾಯಿಯ ಕಥೆಯನ್ನು ಎಲ್ಲರೂ ಬಲ್ಲರು. ಮೊದಲಲ್ಲಿಯೂ ಒಂದು ನಾಯಿ ಇದೆಯೆಂಬುದು ಬಹಳ ಜನರಿಗೆ ಮರೆತಿದೆ. ಜನಮೇಜಯನ ಯಜ್ಞಶಾಲೆಗೆ ಬಂದ ಸರಮೆಯ ಮರಿಯನ್ನು ಅವನ ತಮ್ಮಂದಿರು ಬಡಿದಟ್ಟುತ್ತಾರೆ. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿ ಸರಮೆ ಬಂದು, ನನ್ನ ಮಗನನ್ನು ಹೊಡೆದದ್ದೇಕೆಂದು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ನಿಮಗೆ ಕಾಣದ ಭಯವು ಬರಲೆಂದು ಅವಳು ಶಪಿಸಿ ಹೋಗುತ್ತಾಳೆ. ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗಲೆಲ್ಲ ನನ್ನ ದನಿ ಸ್ವಲ್ಪ ತಗ್ಗುತ್ತದೆ. ಹುಡುಗರಿಗೆ ಕಾರಣ ಗೊತ್ತಿಲ್ಲ.

ನನ್ನ ಈಗಿನ ನಾಯಿ ಬೀದಿಯಲ್ಲಿ ಹುಟ್ಟಿದ್ದು, ಹೆಸರು ಕರಿಯ. ಹೋದ ತಿಂಗಳು ಒಂದು ಭಾನುವಾರ ಉದ್ದನೆಯ ಹಗ್ಗದ ಗಂಟು ಬಿಚ್ಚಿ, ಅದು ಆಡೊಂದರ ಬೆನ್ನು ಹತ್ತಿ ಹೆದ್ದಾರಿಯ ಕಡೆಗೆ ಧಾವಿಸಿತು. ನನ್ನ ಎದೆ ಹಿಂಡಿದಂತಾಯಿತು. ‘ಕರಿಯಾ, ಬಾ!’ ಎಂದು ಕೂಗಿದೆ, ದನಿ ನಡುಗುತ್ತಿತ್ತು. ಅದು ಓಡುತ್ತಿದ್ದಂತೆಯೇ ತಲೆ ತಿರುವಿ ನನ್ನನ್ನು ನೋಡಿತು, ಒಂದು ಗಳಿಗೆ ತಡೆಯಿತು, ಆಮೇಲೆ ದೂಳೆಬ್ಬಿಸುತ್ತ ತಿರುಗಿ ಬಂದು ನನ್ನ ಕಾಲ ಬಳಿ ಕುಳಿತಿತು. ಚೀಲದಲ್ಲಿದ್ದ ತತ್ತಿಯ ಚೂರುಗಳನ್ನೆಲ್ಲ ಅದರ ಮುಂದೆ ಸುರಿದೆ.

ಅದು ತಿಂದು ಮುಗಿಸುವವರೆಗೆ ನಾನು ಅಲ್ಲಿಯೇ ಬದುವಿನ ಮೇಲೆ ಕುಳಿತಿದ್ದೆ. ಚಿಗರಿಯನ್ನು ಹೂಳಿದ್ದ ಬದು ಅಲ್ಲಿಂದ ಕಾಣುತ್ತದೆ.